ನೆರೆಮನೆಯ ಕ್ರೈಸ್ತರು

ಹೆಬ್ಬಾಳ, ಯಶವಂತಪುರ, ಯಲಹಂಕ, ಆರ್. ಟಿ. ನಗರ, ಬೆಂಗಳೂರಿನ ಬಡಗಣ ದಿಕ್ಕಿನ ಈ ಬಡಾವಣೆಗಳಲ್ಲಿ ವಾಸವಾಗಿರುವ ಕನ್ನಡ ಕ್ರೈಸ್ತರನ್ನು ಹೊಸದಾಗಿ ಪರಿಚಯವಾದವರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: "ನಿಮಗೆ ಕನ್ನಡ ಬರುತ್ತದೆಯೆ?" ಕೇಳಿದವರಲ್ಲಿ ದುರುದ್ದೇಶವೇನೂ ಇರುವುದಿಲ್ಲ. ಕ್ರೈಸ್ತರೆಂದರೆ ಇಂಗ್ಲಿಷು, ಇಲ್ಲವೆ ತಮಿಳು, ಇಲ್ಲವೆ ಮಲಯಾಳ ಎಂಬ ಎಣಿಕೆ ನಮ್ಮ ಪೇಟೆಯ ಜನರಲ್ಲಿ ಬೇರೂರಿಬಿಟ್ಟಿದೆ, ಅಷ್ಟೆ. ಆದರೆ ಅದೇ ಪ್ರಶ್ನೆಯನ್ನು ತಾತನಿಗೂ ಕೇಳಿ, ತಂದೆಗೂ ಕೇಳಿ, ಈಗ ಮಗನಿಗೂ ಕೇಳಿದರೆ, ಆ ಮನೆಯವರಿಗೆ ಏನನ್ನಿಸೀತು ಎಂಬುದನ್ನು ತಾವೇ ಊಹಿಸಬಹುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಸಂಖ್ಯೆ ಸುಮಾರು 11 ಲಕ್ಷ 42 ಸಾವಿರ; ಎಂದರೆ ನೂರು ಜನರಲ್ಲಿ ಇಬ್ಬರೂ ಪೂರ್ತಿಯಾಗಿ ಇಲ್ಲ. ಈ ಸಣ್ಣ ಸಂಖ್ಯೆಯ ಜನ ತಮ್ಮ ಮತವಿಶ್ವಾಸವನ್ನು ಹೆಸರಿನಲ್ಲಿ, ಮಾತಿನಲ್ಲಿ, ಅಡುಗೆಮನೆಯಲ್ಲಿ, ನೆರೆಹೊರೆಯಲ್ಲಿ ಹೇಗೆ ನಡೆಸಿಕೊಂಡು ಬಂದಿದ್ದಾರೆ ಎಂಬುದೇ ಈ ಲೇಖನದ ವಿಷಯ.

ಹೆಸರಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಸಿಲುವೆಪುರವೆಂಬ ಊರಿದೆ. ಬಸ್ಸಿನ ಕಿಟಕಿಯಿಂದ ಆ ಹೆಸರನ್ನು ಓದಿದವರು ಎಷ್ಟೋ ಮಂದಿ. ಅದರ ಅರ್ಥವನ್ನು ವಿಚಾರಿಸಿದವರು ಕಡಿಮೆ. ಸಿಲುವೆ ಎಂದರೆ ಶಿಲುಬೆ. ಆ ಮಾತು ಸಂಸ್ಕೃತದ್ದಲ್ಲ, ಇಂಗ್ಲಿಷಿನದೂ ಅಲ್ಲ. ಪಶ್ಚಿಮ ಏಷ್ಯದ ಸಿರಿಯಾಕ್ ಭಾಷೆಯಿಂದ ಕೇರಳದ ಕಡಲ ತೀರಕ್ಕೆ ಬಂದು, ಅಲ್ಲಿಂದ ದಕ್ಷಿಣದ ಭಾಷೆಗಳಲ್ಲಿ ಹರಡಿದ ಮಾತು. ಊರು ಹುಟ್ಟಿದ ಬಗೆ ಸಂತೋಷದ್ದಲ್ಲ. 1876ರಿಂದ 1878ರವರೆಗೆ ಮೈಸೂರು ಸೀಮೆಯಲ್ಲಿ ಬಿದ್ದ ಮಹಾಕ್ಷಾಮವನ್ನು ಹಿರಿಯರು ಹೇಳುತ್ತಿದ್ದರು. 1871ರಲ್ಲಿ 50 ಲಕ್ಷಕ್ಕೆ ಮೇಲಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನ ಅಷ್ಟು ಕರಗಿಹೋದರೆಂದರೆ, ಹೆತ್ತವರಿಲ್ಲದೆ ಉಳಿದ ಮಕ್ಕಳೆಷ್ಟಿರಬೇಕು! ಅಂಥ ಮಕ್ಕಳನ್ನು ಫ್ರೆಂಚ್ ಕೆಥೊಲಿಕ್ ಪಾದ್ರಿಗಳು ಸಾಕಿ, ಬೆಳೆದ ಮೇಲೆ ಉಳುವುದಕ್ಕೆ ಹೊಲ ಕೊಟ್ಟು ನೆಲೆಗೊಳಿಸಿದ ಬೇಸಾಯದ ಊರುಗಳಲ್ಲಿ ಸಿಲುವೆಪುರವೂ ಒಂದು. ಬರದ ವರ್ಷಗಳಲ್ಲಿ ಅನ್ನದ ಜೊತೆಗೆ ಮತವೂ ಬಂದಿತೆಂದು ಆಕ್ಷೇಪಿಸುವವರು ಉಂಟು. ಆ ಆಕ್ಷೇಪವನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ರಾಗಿ ಬಿತ್ತಿ, ರಾಗಿ ಬೆಳೆದು, ರಾಗಿಮುದ್ದೆ ಉಂಡು, ನಾಲ್ಕೈದು ತಲೆಮಾರು ಕನ್ನಡದಲ್ಲೇ ಜಪಸರ ಹೇಳಿದ ಜನರ ವಿಶ್ವಾಸವನ್ನು ಮೊದಲ ದಿನದ ಗಂಜಿಯಿಂದಲೇ ಅಳೆಯುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ಕನ್ನಡ ನಾಡಿನ ಒಳಭಾಗದಲ್ಲಿ ಕ್ರೈಸ್ತಮತದ ನೆಲೆ ಇದಕ್ಕಿಂತ ಬಹಳ ಹಿಂದಿನದು. 1649ರಲ್ಲಿಯೇ ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡಕ್ಕೆ ವ್ಯಾಕರಣ ಬರೆಯಲು ತೊಡಗಿದನು. ಬಂದವರು ಭಾಷೆಯನ್ನು ಕಲಿತರು. ಸೇರಿದವರು ಹೆಸರನ್ನು ಬದಲಾಯಿಸಿಕೊಂಡರು. ಆದರೆ ಆ ಹೆಸರುಗಳನ್ನು ಸ್ವಲ್ಪ ಗಮನಿಸಿ ನೋಡಿರಿ. ರಾಯಪ್ಪ, ಚಿನ್ನಪ್ಪ, ಇನ್ನಾಸಪ್ಪ, ಚೌರಪ್ಪ, ಅಂತೋಣಪ್ಪ, ಆರೋಗ್ಯಮ್ಮ, ಲೂರ್ದಮ್ಮ. ನಮ್ಮ ಸಂತೆಯಲ್ಲಿ ಕೂಗಿದರೆ ಯಾರೂ ತಿರುಗಿ ನೋಡದಷ್ಟು ನಾಡ ಹೆಸರುಗಳು. ರಾಯಪ್ಪನೆಂದರೆ ಪೇತ್ರ, ಇನ್ನಾಸಪ್ಪನೆಂದರೆ ಇಗ್ನೇಷಿಯಸ್, ಚೌರಪ್ಪನೆಂದರೆ ಕ್ಸೇವಿಯರ್. ಚಿನ್ನಪ್ಪನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಲ್ಯಾಟಿನ್ ಭಾಷೆಯಲ್ಲಿ ಪೌಲನೆಂದರೆ ಚಿಕ್ಕವನು. ತಮಿಳರು ಅದನ್ನು ತಮ್ಮ ಮಾತಿಗೆ ತಿರುಗಿಸಿ ಚಿನ್ನಪ್ಪರ್ ಎಂದರು. ಕನ್ನಡಕ್ಕೆ ಬಂದಾಗ ಚಿಕ್ಕವನು ಹೋಗಿ ಚಿನ್ನವೇ ಉಳಿಯಿತು! ಪ್ರಾಟೆಸ್ಟೆಂಟರಲ್ಲಿ ದೇವದಾಸ, ಸತ್ಯನಾಥ, ಕರುಣಾಕರ ಮೊದಲಾದ ಹೆಸರುಗಳು ಸಾಮಾನ್ಯ. ಕೆಲವರು ಹುಟ್ಟಿದ ಹೆಸರನ್ನೇ ಬಿಡಲಿಲ್ಲ. 1947ರಲ್ಲಿ ದಕ್ಷಿಣ ಭಾರತದ ಹಲವು ಪ್ರಾಟೆಸ್ಟೆಂಟ್ ಸಭೆಗಳು ಒಂದಾದಾಗ ಮೈಸೂರು ಪ್ರಾಂತಕ್ಕೆ ಬಿಷಪ್ಪರಾದವರ ಹೆಸರು ಗುರುಶಾಂತ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಅಚ್ಚುಹಾಕಿಸಿದ, 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದ ಉತ್ತಂಗಿ ಚೆನ್ನಪ್ಪನವರು ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದರೆಂಬುದು ತಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅನುಭವ ಮಂಟಪ ಇತಿಹಾಸದಲ್ಲಿ ನಿಜವಾಗಿ ಇದ್ದಿತೆಂದು ವಾದಿಸಿ ಪುಸ್ತಕ ಬರೆದವರೂ ಅವರೇ. ಭಾನುವಾರ ಬೈಬಲನ್ನು ಓದಿ ಬೋಧಿಸುತ್ತಿದ್ದವರು ಉಳಿದ ದಿನಗಳಲ್ಲಿ ವಚನಗಳನ್ನು ಹುಡುಕಿದರು. ಇದರಲ್ಲಿ ಅವರಿಗೆ ಇಬ್ಬಂದಿಯೇನೂ ಕಾಣಲಿಲ್ಲ.

ಇಬ್ಬಂದಿ ಕಂಡದ್ದು ಬೇರೆ ಕಡೆ. ಯಾವುದು ಮತ, ಯಾವುದು ಬರಿಯ ಆಚಾರ? ತಾಳಿ ಕಟ್ಟುವುದು ಮತವೆ? ಹೂ ಮುಡಿಯುವುದು? ದೀಪ ಹಚ್ಚುವುದು? ಇದು ಇಂದಿನ ಚರ್ಚೆಯಲ್ಲ. 1704ರಲ್ಲಿ ರೋಮಿನ ಪ್ರತಿನಿಧಿಯಾಗಿ ಪುದುಚೇರಿಗೆ ಬಂದ ತುರ್ನೋ ಎಂಬಾತ ಮಧುರೆ, ಮೈಸೂರು, ಕರ್ನಾಟಿಕ್ ಮಿಶನ್ನುಗಳ ಕ್ರೈಸ್ತರಿಗೆ ಒಂದು ಕಟ್ಟಾಜ್ಞೆ ಹೊರಡಿಸಿದನು. ಗಣಪತಿಯ ಮುದ್ರೆಯ ತಾಳಿ ಕೂಡದು. ಬೇಕಾದರೆ ಶಿಲುಬೆಯೋ ಮರಿಯಮ್ಮನವರ ರೂಪವೋ ಇರುವ ತಾಳಿಯಾಗಲಿ, ಎಂಬುದು ಅದರೊಳಗಿನ ಒಂದು ಮಾತು. ಆತ ಈ ನಾಡನ್ನು ನೋಡಿದ್ದು ಕೆಲವು ತಿಂಗಳು ಮಾತ್ರ. ಆ ಕಟ್ಟಳೆಗಳನ್ನು ಪಾಲಿಸುವೆವೆಂದು ಇಲ್ಲಿಗೆ ಬರುವ ಪಾದ್ರಿಗಳು ಮಾಡಬೇಕಾಗಿದ್ದ ಪ್ರಮಾಣವನ್ನು ರೋಮು ಕೈಬಿಟ್ಟದ್ದು 1940ರಲ್ಲಿ! ಇತ್ತ ಮನೆಯ ಹೆಂಗಸರು ತಮ್ಮ ಪಾಡಿಗೆ ತಾವು ಒಂದು ದಾರಿ ಕಂಡುಕೊಂಡಿದ್ದರು. ತಾಳಿ ಉಳಿಯಿತು, ಅದರ ಮೇಲೆ ಶಿಲುಬೆ ಬಂದಿತು. ಇಂದಿಗೂ ಬೆಂಗಳೂರಿನ ಸುತ್ತಮುತ್ತಣ ಎಷ್ಟೋ ಕೆಥೊಲಿಕ್ ಮದುವೆಗಳಲ್ಲಿ ಪಾದ್ರಿಗಳು ತಾಳಿಯನ್ನು ಮಂತ್ರಿಸಿಕೊಡುತ್ತಾರೆ, ವರನು ಕಟ್ಟುತ್ತಾನೆ, ಉಂಗುರವೂ ಇರುತ್ತದೆ. ಕುಂಕುಮದ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಇಡುವ ಮನೆಗಳೂ ಉಂಟು, ಇಡದ ಮನೆಗಳೂ ಉಂಟು.

ಭಾಷೆಯ ಮಾತಿಗೆ ಬರೋಣ. ಪ್ರಾಟೆಸ್ಟೆಂಟರಲ್ಲಿ ಇದು ಬೇಗ ತೀರ್ಮಾನವಾಯಿತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಬಂದಿತು. 1894ರ ಮಹಾನಿಘಂಟಿನ ಕಿಟ್ಟೆಲರು ಅದಕ್ಕೆ ಬಹಳ ಮುಂಚೆ, 1862ರಲ್ಲಿ, ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಕಟ್ಟಿ ‘ಕಥಾಮಾಲೆ’ ಎಂದು ಹೆಸರಿಟ್ಟರು. ಜರ್ಮನಿಯ ರಾಗಕ್ಕೆ ಕನ್ನಡದ ಮಾತನ್ನು ಹೊಲಿದರೆ ಹಾಡು ಆಗುವುದಿಲ್ಲವೆಂದು ಆತನ ಕಿವಿಗೆ ತಿಳಿದಿತ್ತು. ಕೆಥೊಲಿಕರಲ್ಲಿ ಹಾಗಲ್ಲ. ಮನೆಯ ಪ್ರಾರ್ಥನೆ ಕನ್ನಡ. ಗುಡಿಯ ಬಲಿಪೂಜೆ ಲ್ಯಾಟಿನ್. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆಯನ್ನು ಜನರ ಭಾಷೆಯಲ್ಲಿ ನಡೆಸಲು ಅಪ್ಪಣೆಯಾಯಿತು. ಆಗ ಬೆಂಗಳೂರಿನಲ್ಲಿ ಎದ್ದ ಪ್ರಶ್ನೆ ಬೇರೊಂದು: ಜನರ ಭಾಷೆ ಯಾವುದು?

ಇದಕ್ಕೆ ಉತ್ತರ ಸುಲಭವಿರಲಿಲ್ಲ. 1809ರಲ್ಲಿ ದಂಡು ಪ್ರದೇಶ ಏರ್ಪಟ್ಟಾಗಿನಿಂದ ಸಿಪಾಯಿಗಳೊಂದಿಗೂ ಕೂಲಿಯವರೊಂದಿಗೂ ಬಂದು ನೆಲೆಸಿದ ತಮಿಳು ಕ್ರೈಸ್ತರು ಅನೇಕರು. ಸುತ್ತಣ ಹಳ್ಳಿಗಳವರು ಕನ್ನಡಿಗರು. ಕರಾವಳಿಯಿಂದ ಕೆಲಸಕ್ಕೆ ಬಂದವರು ಕೊಂಕಣಿ, ಕೇರಳದವರು ಮಲಯಾಳ. ಶಾಲೆ ಕಲಿತ ಮಕ್ಕಳು ಇಂಗ್ಲಿಷು. ಲ್ಯಾಟಿನ್ ಇದ್ದಾಗ ಎಲ್ಲರಿಗೂ ಸಮಾನವಾಗಿ ಅರ್ಥವಾಗುತ್ತಿರಲಿಲ್ಲ. ಅದೊಂದು ಬಗೆಯ ಶಾಂತಿ! ಲ್ಯಾಟಿನ್ ಹೋದ ಮೇಲೆ ಯಾರ ಭಾಷೆಗೆ ಯಾವ ಗಂಟೆ ಎಂಬ ಜಗಳ ಪ್ರಾರಂಭವಾಗಿ, ದಶಕಗಳ ಕಾಲ ನಡೆದು, ಒಮ್ಮೊಮ್ಮೆ ಬೀದಿಗೂ ಬಂದಿತು. ಕನ್ನಡ ಕ್ರೈಸ್ತರ ವಾದ ಇಷ್ಟು: ನೆರೆಯವರು ನಮ್ಮನ್ನು ಹೊರಗಿನವರೆಂದು ತಿಳಿಯುವರು, ನಮ್ಮ ಗುಡಿಯಲ್ಲೇ ನಮ್ಮ ಭಾಷೆಗೆ ಎಡೆಯಿಲ್ಲದಿದ್ದರೆ ಅವರ ತಿಳಿವಳಿಕೆಯನ್ನು ನಾವೇ ನಿಜಮಾಡಿದಂತಾಗುವುದಿಲ್ಲವೆ? ಈ ವಾದದಲ್ಲಿ ಹುರುಳಿದೆ. ಎರಡು ಶತಮಾನದಿಂದ ಇಲ್ಲಿಯೇ ಬಾಳಿದ ತಮಿಳು ಮನೆಯ ಮುದುಕಿಗೆ ಸಾಯುವಾಗ ತನ್ನ ಭಾಷೆಯ ಪ್ರಾರ್ಥನೆ ಬೇಕೆನ್ನಿಸುವುದೂ ಸಹಜವೇ. ಇಂದು ಬಹುತೇಕ ದೊಡ್ಡ ಗುಡಿಗಳಲ್ಲಿ ಭಾನುವಾರದ ಗಂಟೆಗಳನ್ನು ಭಾಷೆಗಳ ನಡುವೆ ಹಂಚಿದ್ದಾರೆ. ಫಲಕದಲ್ಲಿ ಬರೆದ ಆ ವೇಳಾಪಟ್ಟಿಯ ಹಿಂದೆ ಎಷ್ಟು ಕಣ್ಣೀರೂ ಸಿಟ್ಟೂ ಇದೆಯೆಂಬುದು ಹಾದುಹೋಗುವವರಿಗೆ ತಿಳಿಯುವುದಿಲ್ಲ.

ಅದೇ ಕಾಲದಲ್ಲಿ, 1967ರಲ್ಲಿ, ಬೆಂಗಳೂರಿನಲ್ಲಿ ಕೆಥೊಲಿಕರ ರಾಷ್ಟ್ರೀಯ ಧಾರ್ಮಿಕ ಶಿಕ್ಷಣ ಕೇಂದ್ರವೊಂದು ಪ್ರಾರಂಭವಾಯಿತು. ಅದನ್ನು ಕಟ್ಟಿದವರು ಅಮಲೋರ್ಪವದಾಸರು. 1969ರಲ್ಲಿ ರೋಮು ಭಾರತದ ಪೂಜಾಪದ್ಧತಿಗೆ ಹನ್ನೆರಡು ಮಾರ್ಪಾಟುಗಳನ್ನು ಒಪ್ಪಿತು. ಮಂಡಿಯೂರುವುದಕ್ಕೆ ಬದಲು ಕೈಮುಗಿದು ತಲೆಬಾಗಬಹುದು, ನೆಲದ ಮೇಲೆ ಕುಳಿತುಕೊಳ್ಳಬಹುದು, ಪಾದರಕ್ಷೆಯನ್ನು ಹೊರಗೆ ಬಿಡಬಹುದು, ಮೇಣದ ಬತ್ತಿಗೆ ಬದಲು ಎಣ್ಣೆಯ ದೀಪ ಹಚ್ಚಬಹುದು, ಆರತಿ ಎತ್ತಬಹುದು, ಹೀಗೆ. ಅಮಲೋರ್ಪವದಾಸರು ಇದನ್ನು ಹುರುಪಿನಿಂದ ಪ್ರಚಾರಮಾಡಿದರು. ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನೂ ಸ್ಥಾಪಿಸಿದರು. 1990ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ವಿರೋಧ ಎರಡು ಕಡೆಯಿಂದ ಬಂದಿತು. ಹಳೆಯ ಪದ್ಧತಿಯವರು "ಇದೇನು, ನಮ್ಮನ್ನು ಹಿಂದೂಗಳನ್ನಾಗಿ ಮಾಡುವಿರಾ?" ಎಂದರು. ದಲಿತ ಮೂಲದವರ ಪ್ರಶ್ನೆ ಇನ್ನೂ ಹರಿತವಾದದ್ದು. ಯಾವ ಗುಡಿಯ ಬಾಗಿಲಲ್ಲಿ ನಮ್ಮ ಅಜ್ಜಂದಿರನ್ನು ತಡೆದರೋ ಆ ಗುಡಿಯ ಆಚಾರವನ್ನೇ ಭಾರತೀಯವೆಂದು ಇಲ್ಲಿಯೂ ತರುವಿರಲ್ಲಾ, ತಮಟೆ ಭಾರತೀಯವಲ್ಲವೆ? ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಯಾರೂ ಕೊಟ್ಟಂತೆ ನನಗೆ ಕಾಣದು.

ಜಾತಿಯ ಮಾತು ಬಂದುದರಿಂದ ಹೇಳಬೇಕು. ಸ್ನಾನದೀಕ್ಷೆಯ ನೀರಿನಲ್ಲಿ ಜಾತಿ ತೊಳೆದುಹೋಗುವುದೆಂದು ಬೋಧೆಯಿದ್ದರೂ ದಕ್ಷಿಣ ಭಾರತದ ಸಭೆಗಳಲ್ಲಿ ಕೂರುವ ಸಾಲು, ಹೂಳುವ ಮೂಲೆ, ಹೆಣ್ಣು ತರುವ ಮನೆ ಇವುಗಳಲ್ಲಿ ಜಾತಿ ಬಹುಕಾಲ ಉಳಿದುಬಂದಿತು. ಮದುವೆಯ ವಿಷಯದಲ್ಲಿ ಇಂದೂ ಪೂರ್ತಿ ಹೋಗಿಲ್ಲ. ಹೊರಗೆ ಕಾನೂನು ಬೇರೊಂದು ಹೇಳುತ್ತದೆ. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಸೌಲಭ್ಯ ಮೊದಲು ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ದೊರೆಯಿತು. ದಲಿತ ಕ್ರೈಸ್ತರಿಗೆ ದೊರೆಯಲಿಲ್ಲ. ಒಳಗಿನವರು ಜಾತಿಯನ್ನು ಮರೆಯಲಿಲ್ಲ, ಸರ್ಕಾರ ಮರೆಯಿತು. ಇಂಥ ಮನೆಯ ಹುಡುಗನೊಬ್ಬ ಕಾಲೇಜಿನ ಅರ್ಜಿಯನ್ನು ತುಂಬುವಾಗ ಮತದ ಕಾಲಮ್ಮಿನ ಮುಂದೆ ಲೇಖನಿ ಹಿಡಿದು ಕೂರುವ ಹೊತ್ತಿದೆಯಲ್ಲ, ದಿನಬಳಕೆಯಲ್ಲಿ ವಿಶ್ವಾಸದ ಬೆಲೆಯೆಂದರೆ ಆ ಹೊತ್ತು.

ಕುಟುಂಬದ ಕಾನೂನನ್ನು ಬೇಗ ಹೇಳಿಬಿಡುವೆ. 1872ರ ಕ್ರೈಸ್ತ ವಿವಾಹ ಕಾಯಿದೆಯಂತೆ, ವಿಶೇಷ ಅನುಮತಿಯಿಲ್ಲದಿದ್ದರೆ, ಮದುವೆ ಬೆಳಗಿನ 6ರಿಂದ ಸಂಜೆ 7ರೊಳಗೆ ನಡೆಯತಕ್ಕದ್ದು. ರಾಹುಕಾಲವನ್ನು ನೋಡದಿದ್ದರೂ ಗಡಿಯಾರವನ್ನು ನೋಡಲೇಬೇಕು! ಉಯಿಲು ಬರೆಯದೆ ತೀರಿಕೊಂಡವನ ಆಸ್ತಿಯಲ್ಲಿ 1925ರ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿಗೆ ಮೂರನೆಯ ಒಂದು ಪಾಲು, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮವಾಗಿ. ನಮ್ಮ ರಾಜ್ಯದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದುದು 1994ರಲ್ಲಿ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ವಿವಾಹ ವಿಚ್ಛೇದನದಲ್ಲಿ ಮಾತ್ರ 1869ರ ಕಾಯಿದೆ ಗಂಡನಿಗೊಂದು, ಹೆಂಡತಿಗೊಂದು ಅಳತೆ ಇಟ್ಟಿದ್ದು, ಅದನ್ನು ಸರಿಪಡಿಸಲು 2001 ಆಗಬೇಕಾಯಿತು.

ಈಗ ನೆರೆಹೊರೆ. ಕ್ರಿಸ್ಮಸ್ಸಿನಲ್ಲಿ ಕ್ರೈಸ್ತರ ಮನೆಯಿಂದ ತಮಗೆ ಬರುವ ತಟ್ಟೆಯನ್ನು ನೋಡಿರುವಿರಷ್ಟೆ? ಕೇಕಿನ ತುಂಡು ಒಂದಿದ್ದರೆ ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿ ಮೂರಿರುತ್ತವೆ. ಯುಗಾದಿಯಂದು ತಮ್ಮ ಒಬ್ಬಟ್ಟು ಆ ತಟ್ಟೆಯಲ್ಲೇ ಹಿಂದಿರುಗುತ್ತದೆ. ತೊಡಕು ಬರುವುದು ಒಬ್ಬಟ್ಟಿನಲ್ಲಲ್ಲ, ಪ್ರಸಾದದಲ್ಲಿ. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವನ್ನು ನೆರೆಯಾಕೆ ಪ್ರೀತಿಯಿಂದ ತಂದುಕೊಟ್ಟರೆ ಏನು ಮಾಡಬೇಕು? ಹೊಸ ಒಡಂಬಡಿಕೆಯನ್ನು ಓದಿದವರಿಗೆ ಗೊತ್ತಿರುವಂತೆ, ಕೊರಿಂಥವೆಂಬ ಗ್ರೀಕ್ ಪಟ್ಟಣದ ಕ್ರೈಸ್ತರು ಹೆಚ್ಚುಕಡಮೆ ಇದೇ ಪ್ರಶ್ನೆಯನ್ನು ಪೌಲನಿಗೆ ಹಾಕಿದ್ದರು. ಆತನ ಉತ್ತರದ ಸಾರ ಎರಡು ಪದರಿನದು. ತಿಂದದ್ದರಿಂದ ದೇವರಿಗೆ ಹತ್ತಿರವೂ ಆಗುವುದಿಲ್ಲ, ದೂರವೂ ಆಗುವುದಿಲ್ಲ. ಆದರೆ ನೀನು ತಿನ್ನುವುದನ್ನು ಕಂಡು ನಿನ್ನ ಜೊತೆಯವನ ಮನಸ್ಸು ಕದಡುವುದಾದರೆ, ಅವನಿಗಾಗಿ ಬಿಟ್ಟುಬಿಡು. ಹೀಗಾಗಿ ಒಬ್ಬರು ಕಣ್ಣಿಗೊತ್ತಿಕೊಂಡು ತಿನ್ನುವರು, ಒಬ್ಬರು ತೆಗೆದುಕೊಂಡು ಮಕ್ಕಳಿಗೆ ಕೊಡುವರು, ಒಬ್ಬರು ವಿನಯದಿಂದ ಬೇಡವೆನ್ನುವರು. ಬೇಡವೆಂದವರು ತಮ್ಮನ್ನು ತಿರಸ್ಕರಿಸಿದರೆಂದು ತಿಳಿಯಬೇಕಾಗಿಲ್ಲ. ಉಪವಾಸದ ದಿನ ತಾವು ಅವರ ಕೇಕನ್ನು ಬೇಡವೆನ್ನುವುದಿಲ್ಲವೆ? ಅವರಿಗೂ ಉಪವಾಸದ ಕಾಲವುಂಟು. ವಿಭೂತಿ ಬುಧವಾರದಂದು ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಧರಿಸಿದ ಕೆಥೊಲಿಕರು, ಅಂದಿನಿಂದ ನಲವತ್ತು ದಿನದ ತಪಸ್ಸುಕಾಲವನ್ನು ನಡೆಸುತ್ತಾರೆ.

ಇತ್ತಣಿಂದ ಅತ್ತ ಹೋಗುವವರೂ ಕಡಿಮೆಯಿಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಗುಡಿಯಲ್ಲಿ ಆಗಸ್ಟ್ 29ರಂದು ಬಾವುಟ ಏರಿದರೆ ಸೆಪ್ಟೆಂಬರ್ 8ರ ತೇರಿನವರೆಗೂ ಕಾವಿಬಣ್ಣದ ಸೀರೆಯುಟ್ಟ ಹೆಂಗಸರು ಬೀದಿ ತುಂಬಿರುತ್ತಾರೆ. ಅವರಲ್ಲಿ ಕ್ರೈಸ್ತರಾರು, ಅಲ್ಲದವರಾರು ಎಂದು ಬೇರ್ಪಡಿಸಲು ಹೊರಟವನು ಸೋಲುವುದು ಖಂಡಿತ.

ಹಬ್ಬಕ್ಕಿಂತ ಕೆಲಸದ ದಿನಗಳು ಹೆಚ್ಚು. ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಯ ಪಕ್ಕದಲ್ಲಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಅಮೆರಿಕದ ಮಿಶನ್ನಿನವರಿಂದ ಪ್ರಾರಂಭವಾಗಿ, 1989ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಆಡಳಿತಕ್ಕೆ ಬಂದಿತು. ಆ ಬದಿಯ ಜನರಿಗೆ ಕ್ರೈಸ್ತಮತದ ಮೊದಲ ಪರಿಚಯ ಪುಸ್ತಕದಿಂದಲ್ಲ, ಅಲ್ಲಿನ ಹೆರಿಗೆಯ ವಾರ್ಡಿನಿಂದ ಆಗಿರುವುದೇ ಹೆಚ್ಚು. ದಾದಿಯರಿಗೂ, ರಾತ್ರಿ ಪಾಳಿಯ ಕಂಪ್ಯೂಟರ್ ಕೆಲಸದವರಿಗೂ ಭಾನುವಾರವೆಂಬುದು ವಾರಕ್ಕೊಮ್ಮೆ ಬರುವುದೆಂಬ ಭರವಸೆಯಿಲ್ಲ. ಕೆಥೊಲಿಕರಿಗೆ ಶನಿವಾರ ಸಂಜೆಯ ಪೂಜೆಯೇ ಭಾನುವಾರದ್ದೆಂದು ಲೆಕ್ಕಕ್ಕೆ ಸೇರುವ ಏರ್ಪಾಡಿರುವುದು ಇಂಥವರ ಪುಣ್ಯ.

ಹೆಬ್ಬಾಳದಿಂದ ದಂಡಿನ ಕಡೆ ಬಂದರೆ, ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಸಿಗುತ್ತದೆ. ಅಲ್ಲಿ ಪಾಠ ಹೇಳಿದವರಲ್ಲಿ ಒಬ್ಬರು ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರು. 1971ರಲ್ಲಿ ಜಿನೀವದ ವಿಶ್ವ ಕ್ರೈಸ್ತ ಸಭಾ ಮಂಡಲಿಯವರು ಅನ್ಯಮತದವರೊಡನೆ ಸಂವಾದಕ್ಕೆಂದು ಒಂದು ವಿಭಾಗವನ್ನು ತೆರೆದಾಗ ಅದರ ಮೊದಲ ನಿರ್ದೇಶಕರಾದವರು ಈ ಕನ್ನಡಿಗರು. ಸಂವಾದವೆಂದರೆ ಮತಾಂತರಕ್ಕೆ ತೊಡಿಸಿದ ಮೆತ್ತನೆಯ ಅಂಗಿಯಲ್ಲ. ತನ್ನ ವಿಶ್ವಾಸದಲ್ಲಿ ಗಟ್ಟಿಯಾಗಿ ನಿಂತವನೇ ಇನ್ನೊಬ್ಬನ ಮಾತನ್ನು ನೆಮ್ಮದಿಯಿಂದ ಕೇಳಬಲ್ಲ, ಎಂಬುದು ಅವರ ವಾದದ ತಿರುಳು. ತಮ್ಮವರಿಂದಲೇ ಟೀಕೆಯನ್ನೂ ಉಂಡರು. ಹಲವು ಮತಗಳ ನೆರೆಯಲ್ಲಿ ಆಡಿ ಬೆಳೆದವರಿಗೆ ಜಿನೀವದಲ್ಲಿ ಹೇಳಲು ಸಾಕಷ್ಟು ಸರಕಿತ್ತು. 2001ರಲ್ಲಿ ತೀರಿಕೊಂಡರು.

ಸಾವಿನ ಮನೆಗೆ ಹೋಗುವ ಕ್ರಮವನ್ನು ಹಲವರು ಕೇಳುವುದುಂಟು, ಅದನ್ನೂ ತಿಳಿಸುವೆ. ಕ್ರೈಸ್ತರ ಮನೆಯಲ್ಲಿ ಸಾವಾದಾಗ ಸೂತಕವೆಂಬ ಭಾವನೆಯಿಲ್ಲ. ತಾವು ಒಳಗೆ ಹೋಗಬಹುದು, ಹೂವಿನ ಹಾರವನ್ನು ಒಯ್ಯಬಹುದು, ಪ್ರಾರ್ಥನೆ ನಡೆಯುತ್ತಿದ್ದರೆ ಸುಮ್ಮನೆ ನಿಂತರೆ ಸಾಕು. ದೂರದ ಮಕ್ಕಳು ಬರಲೆಂದು ಒಂದೆರಡು ದಿನ ಕಾಯುವುದುಂಟು. ದೇಹವನ್ನು ಗುಡಿಗೆ ಒಯ್ದು, ಪೂಜೆಯೋ ಆರಾಧನೆಯೋ ಮುಗಿದ ಮೇಲೆ ಸ್ಮಶಾನದಲ್ಲಿ ಹೂಳುತ್ತಾರೆ. ಕೆಥೊಲಿಕರು ಏಳನೆಯ ದಿನವೂ ಮೂವತ್ತನೆಯ ದಿನವೂ ಪೂಜೆ ಮಾಡಿಸುವರು. ನವೆಂಬರ್ 2ರಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಬತ್ತಿ ಹಚ್ಚುವರು. ಪೆಟ್ಟಿಗೆ ಕೆಳಗಿಳಿದ ಮೇಲೆ ಬಂಧುಗಳು ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕುತ್ತಾರೆ. ಆಗ ಹಿಂದೆ ನಿಂತ ನೆರೆಯವರಿಗೂ ಮುಂದೆ ಬನ್ನಿರೆಂದು ದಾರಿ ಬಿಡುವುದು ವಾಡಿಕೆ. ಸಂಕೋಚಪಡದೆ ಹೋಗಿ, ತಾವೂ ಒಂದು ಹಿಡಿ ಹಾಕಬಹುದು.